ಆರು ಚುಕ್ಕೆಯ ಮೇಷ್ಟ್ರು

ಆರು ಬಿಟ್‌ನಲ್ಲಿ ಎಷ್ಟು ಕಾಂಬಿನೇಶನ್ ಬರುತ್ತೆ ಅಂತ ಕೇಳಿದ್ರೆ ನಾವೆಲ್ಲ ಥಟ್ಟಂತ 64 ಅಂತೀವಿ. ಕಂಪ್ಯೂಟರ್ ಹುಟ್ಟುವುದಕ್ಕೆ ನೂರು ವರ್ಷಕ್ಕೂ ಮೊದಲೇ, ಹದಿನೈದರ ಹುಡುಗನೊಬ್ಬ ಇದೇ ಲೆಕ್ಕವನ್ನು ಬೆರಳ ತುದಿಗೆ ಇಳಿಸಿದ್ದ. ಅವನೇ ಲೂಯಿ ಬ್ರೈಲ್.

ಹುಟ್ಟಿದ್ದು 1809ರ ಜನವರಿ 4, ಪ್ಯಾರಿಸ್ ಹತ್ತಿರದ ಕೂವ್ರೇ ಹಳ್ಳಿಯಲ್ಲಿ. ಅಪ್ಪ ಕುದುರೆಯ ಜೀನು ಹೊಲಿಯುತ್ತಿದ್ದರು. ಮೂರು ವರ್ಷದ ಲೂಯಿ ಅಪ್ಪನ ದಬ್ಬಳ ಹಿಡಿದು ಆಡುವಾಗ ಅದು ಕಣ್ಣಿಗೆ ಚುಚ್ಚಿತು. ಸೋಂಕು ಇನ್ನೊಂದು ಕಣ್ಣಿಗೂ ಹರಡಿ, ಐದು ತುಂಬುವಷ್ಟರಲ್ಲಿ ಪೂರ್ತಿ ಕತ್ತಲು. ಆದರೂ ಅಪ್ಪ ಅಮ್ಮ ಅವನನ್ನು ಮೂಲೆಯಲ್ಲಿ ಕೂರಿಸಲಿಲ್ಲ. ಊರಿನ ಶಾಲೆಯಲ್ಲಿ ಉಳಿದ ಮಕ್ಕಳ ಜೊತೆಗೇ ಕೂತು ಕಲಿತ.

1819ರಲ್ಲಿ ಪ್ಯಾರಿಸ್‌ನ ಅಂಧ ಮಕ್ಕಳ ಶಾಲೆಗೆ ಸೇರಿದ. ಅಲ್ಲಿದ್ದದ್ದು ಮಾಮೂಲಿ ಅಕ್ಷರಗಳನ್ನೇ ಉಬ್ಬಿಸಿ ಅಚ್ಚು ಹಾಕಿದ ದಪ್ಪ ಪುಸ್ತಕಗಳು. ಒಂದೊಂದೇ ಅಕ್ಷರ ಸವರಿ ಓದಬೇಕು, ಬರೆಯೋದಂತೂ ಆಗದ ಮಾತು. ಕಣ್ಣಿದ್ದವರು ಕಣ್ಣಿನ ಲೆಕ್ಕದಲ್ಲೇ ಮಾಡಿದ ಡಿಸೈನ್ ಅದು. ಸೈನ್ಯದಲ್ಲಿದ್ದ ಶಾರ್ಲ್ ಬಾರ್ಬಿಯೆ ರೂಪಿಸಿದ ಚುಕ್ಕೆ ಲಿಪಿ ಶಾಲೆಗೆ ಬಂದಾಗ ಲೂಯಿಗೆ ದಾರಿ ಕಂಡಿತು. ಆದರೆ ಅದರಲ್ಲಿ 12 ಚುಕ್ಕೆ. ಒಂದು ಬೆರಳಿಗೆ ಒಮ್ಮೆಗೇ ಸಿಗದು. ಲೂಯಿ ಅದನ್ನು ಆರಕ್ಕೆ ಇಳಿಸಿದ. 1824ರ ಹೊತ್ತಿಗೆ ಲಿಪಿ ಸಿದ್ಧವಾಯಿತು, 1829ರಲ್ಲಿ ಪುಸ್ತಕವಾಗಿ ಬಂತು. ಅದೇ ಚುಕ್ಕೆಗಳಲ್ಲಿ ಸಂಗೀತವನ್ನೂ ಬರೆಯಬಹುದಿತ್ತು.

ಮುಂದೆ ಅಲ್ಲೇ ಮೇಷ್ಟ್ರಾದರು, ಚರ್ಚಿನಲ್ಲಿ ಆರ್ಗನ್ ನುಡಿಸಿದರು. 1840ರ ದಶಕದಲ್ಲಿ ಶಾಲೆಯ ಹೊಸ ಮುಖ್ಯಸ್ಥರು ಈ ಲಿಪಿ ಬೇಡವೆಂದರು. ಮಕ್ಕಳು ಬಿಟ್ಟರೆ ತಾನೆ? ಕದ್ದು ಬಳಸಿದರು. 1844ರಲ್ಲಿ ಹೊಸ ಕಟ್ಟಡದ ಉದ್ಘಾಟನೆಯ ದಿನ ಜನರೆದುರು ಅದೇ ಲಿಪಿಯಲ್ಲಿ ಓದಿ ಬರೆದು ತೋರಿಸಲಾಯಿತು. ಕ್ಷಯದಿಂದ ನರಳುತ್ತಿದ್ದ ಬ್ರೈಲ್ 1852ರ ಜನವರಿ 6ರಂದು ತೀರಿಕೊಂಡರು, ವಯಸ್ಸು 43. ಫ್ರಾನ್ಸ್ ಆ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು ಅವರು ಸತ್ತ ಎರಡು ವರ್ಷದ ಮೇಲೆ.

ನಮ್ಮಲ್ಲಿ ಎನ್‌ಎಸ್‌ಎಸ್ ಕಡೆಯಿಂದ ಪ್ರೈಮರಿ ಶಾಲೆಗೆ ಹೋಗುವವರಿದ್ದೀರಲ್ಲ, ಇದನ್ನು ಮಾಡಿ ನೋಡಿ. ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿದರೆ ಅವರು ಕಲಿಯೋದು ಭಯ, ಅಯ್ಯೋ ಪಾಪ ಅನ್ನೋದು, ಅಷ್ಟೇ. ಬದಲಿಗೆ ಮೊಟ್ಟೆ ಟ್ರೇಯಿಂದ ಎರಡು ಸಾಲು, ಮೂರು ಮೂರು ಗುಳಿಯ ತುಂಡು ಕತ್ತರಿಸಿ. ಎಡಸಾಲಿನ ಮೇಲಿನ ಗುಳಿಯಲ್ಲಿ ಒಂದು ನಿಂಬೆಹಣ್ಣಿಟ್ಟರೆ ಭಾರತಿ ಬ್ರೈಲ್‌ನ ಅ. ಅದೇ ಸಾಲಿನ ಕೆಳಗಿನ ಗುಳಿಯಲ್ಲಿ ಇನ್ನೊಂದಿಟ್ಟರೆ ಕ. ಮಕ್ಕಳು ಕಣ್ಣು ಮುಚ್ಚಿ, ಮುಟ್ಟಿ, ಅಕ್ಷರ ಹೇಳಲಿ. ಕಣ್ಣು ಕಾಣದವರು ಓದಬಲ್ಲರು ಅನ್ನೋದು ಆಗ ಕೈಗೇ ಗೊತ್ತಾಗುತ್ತೆ.

ನಾಳೆ ನಾವೂ ಯಾರಿಗೋ ಏನನ್ನೋ ಡಿಸೈನ್ ಮಾಡ್ತೀವಿ. ಮೊದಲು ಅದನ್ನು ಬಳಸುವವರ ಕೈಗೆ ಕೊಟ್ಟು ಕೇಳೋಣ.