ದುರ್ಗಾಳನ್ನು ಭೂಮಿಗೆ ತಂದ ಡಾಕ್ಟರ್ ಸುಭಾಷ್ ಮುಖರ್ಜಿ

ಭಾರತದ ಮೊದಲ ಪ್ರನಾಳ ಶಿಶುವನ್ನು ಸೃಷ್ಟಿಸಿದ ವೈದ್ಯ ಯಾರು? ಬಹಳ ಕಾಲ ಪುಸ್ತಕಗಳಲ್ಲಿ ಇದಕ್ಕೆ ಸಿಗುತ್ತಿದ್ದ ಉತ್ತರವೇ ಬೇರೆ. ನಿಜವಾಗಿ ಆ ಸಾಧನೆ ಮಾಡಿದವರು ಕೊಲ್ಕತ್ತಾದ ಡಾ. ಸುಭಾಷ್ ಮುಖರ್ಜಿ. ಆದರೆ ಆ ಮಾತನ್ನು ದೇಶ ಒಪ್ಪಿಕೊಳ್ಳುವಾಗ ಅವರು ಬದುಕಿರಲಿಲ್ಲ.

ಮುಖರ್ಜಿ ಹುಟ್ಟಿದ್ದು 1931ರ ಜನವರಿ 16ರಂದು, ಈಗ ಜಾರ್ಖಂಡ್‌ನಲ್ಲಿರುವ ಹಜಾರಿಬಾಗ್‌ನಲ್ಲಿ. ಕೊಲ್ಕತ್ತಾದಲ್ಲಿ ವೈದ್ಯಕೀಯ ಓದಿ, ಅಲ್ಲಿಯೇ ಮೊದಲ ಡಾಕ್ಟರೇಟ್ ಪಡೆದರು. ಆಮೇಲೆ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋಗಿ ಹಾರ್ಮೋನುಗಳ ಬಗ್ಗೆ ಸಂಶೋಧನೆ ನಡೆಸಿ ಎರಡನೇ ಡಾಕ್ಟರೇಟ್ ಗಳಿಸಿದರು. 1967ರಲ್ಲಿ ಊರಿಗೆ ಮರಳಿ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳತೊಡಗಿದರು.

ಹೆಣ್ಣಿನ ಅಂಡಾಶಯ ತನ್ನಷ್ಟಕ್ಕೆ ತಾನೇ ಕೆಲಸ ಮಾಡುವುದಿಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ರಕ್ತದ ಮೂಲಕ ಹಾರ್ಮೋನುಗಳನ್ನು ಕಳುಹಿಸುತ್ತದೆ. ಅಂಡಾಣುವನ್ನು ಸುತ್ತುವರಿದ ಜೀವಕೋಶಗಳು ಆ ಸಂದೇಶವನ್ನು ಹಿಡಿದುಕೊಳ್ಳುತ್ತವೆ. ಬೀಗಕ್ಕೆ ಅದರದೇ ಬೀಗದಕೈ ಕೂರುವಂತೆ ಹಾರ್ಮೋನು ಜೀವಕೋಶದ ಮೇಲ್ಮೈಗೆ ಕೂರುತ್ತದೆ. ಒಳಗೆ ಒಂದರಿಂದ ಇನ್ನೊಂದಕ್ಕೆ ಸುದ್ದಿ ಸಾಗಿ ಅಂಡಾಣು ಬೆಳೆಯುತ್ತದೆ. ಪ್ರತಿ ತಿಂಗಳು ಹಲವು ಅಂಡಾಣುಗಳು ಬೆಳೆಯಲು ಶುರು ಮಾಡಿದರೂ ಸಾಮಾನ್ಯವಾಗಿ ಒಂದೇ ಹಣ್ಣಾಗುತ್ತದೆ. ಉಳಿದವು ಹಾರ್ಮೋನು ಸಾಲದೆ ಬಾಡಿ ಹೋಗುತ್ತವೆ.

ಮುಖರ್ಜಿ ಕೈ ಹಾಕಿದ್ದು ಇಲ್ಲಿಯೇ. ಮುಟ್ಟು ನಿಂತ ಹೆಂಗಸರ ಮೂತ್ರದಿಂದ ತೆಗೆದ ಹಾರ್ಮೋನನ್ನು ಚುಚ್ಚುಮದ್ದಾಗಿ ಕೊಟ್ಟರೆ ಬಾಡಬೇಕಾದ ಅಂಡಾಣುಗಳೂ ಬೆಳೆಯುತ್ತವೆ. ಹೀಗೆ ಬೆಳೆಸಿದ ಅಂಡಾಣುಗಳನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ವೀರ್ಯದೊಡನೆ ಸೇರಿಸಿ, ಭ್ರೂಣವನ್ನು ಶೈತ್ಯದಲ್ಲಿ ಕಾಪಿಟ್ಟು, ಮುಂದಿನ ಋತುಚಕ್ರವೊಂದರಲ್ಲಿ ತಾಯಿಯ ಗರ್ಭಕ್ಕೆ ಸೇರಿಸಿದರು. ಸ್ತ್ರೀರೋಗ ತಜ್ಞ ಸರೋಜ್ ಕಾಂತಿ ಭಟ್ಟಾಚಾರ್ಯ ಮತ್ತು ಶೈತ್ಯ ತಂತ್ರ ಬಲ್ಲ ಸುನಿತ್ ಮುಖರ್ಜಿ ಅವರಿಗೆ ಜೊತೆಯಾದರು.

1978ರ ಅಕ್ಟೋಬರ್ 3ರಂದು ಹೆಣ್ಣು ಮಗು ಹುಟ್ಟಿತು. ದುರ್ಗಾ ಪೂಜೆಯ ಹೊತ್ತಿಗೆ ಹುಟ್ಟಿದ ಮಗುವನ್ನು ಜನ ದುರ್ಗಾ ಎಂದೇ ಕರೆದರು. ಜಗತ್ತಿನ ಮೊದಲ ಪ್ರನಾಳ ಶಿಶು ಇಂಗ್ಲೆಂಡಿನಲ್ಲಿ ಹುಟ್ಟಿ ಆಗಿನ್ನೂ ಎರಡೂವರೆ ತಿಂಗಳೂ ಆಗಿರಲಿಲ್ಲ. ಅಲ್ಲಿ ಹಾರ್ಮೋನು ಚುಚ್ಚುಮದ್ದು ಬಳಸಿರಲಿಲ್ಲ, ಭ್ರೂಣವನ್ನು ಶೈತ್ಯದಲ್ಲಿಟ್ಟಿರಲೂ ಇಲ್ಲ.

ಆದರೆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಅದೇ ನವೆಂಬರಿನಲ್ಲಿ ಪಶ್ಚಿಮ ಬಂಗಾಳ ಸರಕಾರ ವಿಚಾರಣಾ ಸಮಿತಿ ನೇಮಿಸಿತು. ಸಮಿತಿಯ ಮುಖ್ಯಸ್ಥರು ರೇಡಿಯೊ ಭೌತವಿಜ್ಞಾನಿ. ಮುಖರ್ಜಿಯವರ ಮಾತನ್ನು ಸಮಿತಿ ನಂಬಲಿಲ್ಲ. ಮಗುವಿನ ಹೆತ್ತವರೂ ಸಮಾಜಕ್ಕೆ ಹೆದರಿ ಮರೆಯಲ್ಲೇ ಉಳಿದರು. 1979ರಲ್ಲಿ ಜಪಾನಿನಿಂದ ಉಪನ್ಯಾಸಕ್ಕೆ ಕರೆ ಬಂದರೂ ಹೋಗಲು ಅನುಮತಿ ಸಿಗಲಿಲ್ಲ. 1981ರ ಜೂನ್‌ನಲ್ಲಿ ಅವರನ್ನು ಕಣ್ಣಿನ ಸಂಸ್ಥೆಗೆ ವರ್ಗ ಮಾಡಲಾಯಿತು. ಹಾರ್ಮೋನು ತಜ್ಞನಿಗೆ ಅಲ್ಲಿ ಮಾಡಲು ತನ್ನ ಕೆಲಸವೇ ಇರಲಿಲ್ಲ. ಮನನೊಂದ ಅವರು ಜೂನ್ 19ರಂದು ಆತ್ಮಹತ್ಯೆ ಮಾಡಿಕೊಂಡರು. ವಯಸ್ಸು ಐವತ್ತು.

ಮುಂದೆ 1986ರ ಆಗಸ್ಟ್ 6ರಂದು ಮುಂಬಯಿಯಲ್ಲಿ ಹುಟ್ಟಿದ ಮಗುವೇ ದೇಶದ ಮೊದಲ ಪ್ರನಾಳ ಶಿಶು ಎಂದು ದಾಖಲಾಯಿತು. ಆ ಸಾಧನೆಯ ಹಿಂದಿದ್ದ ವಿಜ್ಞಾನಿ ಟಿ.ಸಿ. ಆನಂದ ಕುಮಾರ್. ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ಬಂಜೆತನ ಚಿಕಿತ್ಸಾಲಯ ನಡೆಸಿದವರು. 1997ರಲ್ಲಿ ಕೊಲ್ಕತ್ತಾಗೆ ಹೋಗಿದ್ದಾಗ ಮುಖರ್ಜಿಯವರ ಟಿಪ್ಪಣಿಗಳು ಅವರ ಕೈ ಸೇರಿದವು. ಎಲ್ಲವನ್ನೂ ಓದಿ ನೋಡಿದ ಆನಂದ ಕುಮಾರ್, ಮೊದಲ ಸ್ಥಾನ ತನ್ನದಲ್ಲ, ಮುಖರ್ಜಿಯವರದು ಎಂದು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ತನಗೆ ಸಿಕ್ಕ ಕಿರೀಟವನ್ನು ತಾನೇ ತೆಗೆದು ಇನ್ನೊಬ್ಬರಿಗೆ ಇಟ್ಟರು. ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಮುಖರ್ಜಿಯವರ ಕೆಲಸವನ್ನು ಮಾನ್ಯ ಮಾಡಿತು.

2003ರಲ್ಲಿ, ತನ್ನ 25ನೇ ಹುಟ್ಟುಹಬ್ಬದಂದು, ದುರ್ಗಾ ಜನರ ಮುಂದೆ ಬಂದು ತಾನು ಯಾರೆಂದು ಹೇಳಿಕೊಂಡಳು. ಹಾರ್ಮೋನು ಕೊಟ್ಟು ಅಂಡಾಣು ಬೆಳೆಸುವುದು, ಭ್ರೂಣವನ್ನು ಶೈತ್ಯದಲ್ಲಿ ಇಡುವುದು ಇಂದು ಬಂಜೆತನ ಚಿಕಿತ್ಸಾಲಯಗಳಲ್ಲಿ ದಿನನಿತ್ಯದ ಕೆಲಸ.