ಛಲಗಾರ ಬರ್ಟ್ ಮನ್ರೋ

ನ್ಯೂಜಿಲೆಂಡಿನ ದಕ್ಷಿಣದಂಚಿನ ಇನ್ವರ್‌ಕಾರ್ಗಿಲ್ ಪಟ್ಟಣದಲ್ಲಿ ಬರ್ಟ್ ಮನ್ರೋ 1899ರಲ್ಲಿ ಜನಿಸಿದನು. 1920ರಲ್ಲಿ ಅವನು ಅಮೆರಿಕದಲ್ಲಿ ತಯಾರಾದ ‘ಇಂಡಿಯನ್ ಸ್ಕೌಟ್’ ಎಂಬ ಮೋಟಾರು ಸೈಕಲ್ಲನ್ನು ಕೊಂಡನು. ಅದರ ಎಂಜಿನ್ನು 600 ಸಿ.ಸಿ.ಯದು, ವೇಗದ ಮಿತಿ ಗಂಟೆಗೆ ಸುಮಾರು 55 ಮೈಲಿ. ಮನ್ರೋವಿಗೆ ಆ ವೇಗ ಸಾಲಲಿಲ್ಲ.

1926ರಿಂದ ಅವನು ಆ ಎಂಜಿನ್ನಿನ ಒಳಭಾಗಗಳನ್ನು ಒಂದೊಂದಾಗಿ ಬದಲಿಸತೊಡಗಿದನು. ಹಗಲು ಹೊಟ್ಟೆಪಾಡಿನ ದುಡಿಮೆ. ರಾತ್ರಿ ಷೆಡ್ಡಿನಲ್ಲಿ ಈ ಸಾಧನೆ. ಹಳೆಯ ಡಬ್ಬಗಳನ್ನೇ ಅಚ್ಚಾಗಿ ಬಳಸಿ ಪಿಸ್ಟನ್ನುಗಳನ್ನು ಎರಕ ಹೊಯ್ದನು. ಟ್ರ್ಯಾಕ್ಟರಿನ ಆ್ಯಕ್ಸಲ್ಲಿನ ಉಕ್ಕನ್ನು ಅರದಿಂದ ಉಜ್ಜಿ ಕನೆಕ್ಟಿಂಗ್ ರಾಡುಗಳನ್ನು ರೂಪಿಸಿದನು. ಸಿಲಿಂಡರಿನ ಪಕ್ಕದಲ್ಲಿದ್ದ ಕವಾಟಗಳನ್ನು ಅದರ ನೆತ್ತಿಗೇರಿಸಿದನು. ಎಂಜಿನ್ನು ಸರಾಗವಾಗಿ ಉಸಿರಾಡಿತು. ಆದರೆ ಶಕ್ತಿ ಹೆಚ್ಚಿದಂತೆಲ್ಲ ಪ್ರತಿಯೊಂದು ಭಾಗದ ಮೇಲೂ ಹೊರೆ ಹೆಚ್ಚಿತು. ಎಷ್ಟೋ ಸಲ ಎಂಜಿನ್ನು ಒಡೆದುಹೋಯಿತು. ಮುರಿದ ಭಾಗಗಳನ್ನು ಅವನು ಬಿಸಾಡದೆ, ವೇಗದೇವತೆಗೆ ಸಲ್ಲಿಸಿದ ಕಾಣಿಕೆಗಳೆಂದು ಹಲಗೆಯ ಮೇಲೆ ಸಾಲಾಗಿ ಇರಿಸಿದನು. ಒಂದೊಂದು ಮುರುಕೂ ಅವನಿಗೆ ಒಂದೊಂದು ಪಾಠವಾಯಿತು.

1962ರಲ್ಲಿ, ತನ್ನ 63ನೆಯ ವಯಸ್ಸಿನಲ್ಲಿ, ಅಮೆರಿಕದ ಬಾನವಿಲ್ ಉಪ್ಪುಬಯಲಿನಲ್ಲಿ ಅವನು ಮೊದಲ ವಿಶ್ವದಾಖಲೆಯನ್ನು ಸ್ಥಾಪಿಸಿದನು. 1967ರಲ್ಲಿ, ಸುಮಾರು 950 ಸಿ.ಸಿ.ಗೆ ಬೆಳೆದಿದ್ದ ಅದೇ ಎಂಜಿನ್ನಿನಿಂದ ಗಂಟೆಗೆ 183.59 ಮೈಲಿ ವೇಗವನ್ನು ಮುಟ್ಟಿದನೆಂದು ದಾಖಲಾಯಿತು. ಹೃದ್ರೋಗದಿಂದ ಬಳಲುತ್ತಿದ್ದ ಮನ್ರೋ 1978ರಲ್ಲಿ ತೀರಿಕೊಂಡನು. ಹಳೆಯ ಲೆಕ್ಕದಲ್ಲಿದ್ದ ತಪ್ಪನ್ನು ಅವನ ಮಗನೇ ಗುರುತಿಸಿದನು. 2014ರಲ್ಲಿ ದಾಖಲೆಯನ್ನು 184.087 ಮೈಲಿ ಎಂದು ತಿದ್ದಲಾಯಿತು. ಯಂತ್ರ ಹಳತಾದರೂ ಅದನ್ನು ತಿದ್ದುವ ಕೈ ದಣಿಯದಿದ್ದರೆ ಸಾಧನೆಗೆ ಎಲ್ಲೆಯಿಲ್ಲವೆಂಬುದಕ್ಕೆ ಅವನ ಬಾಳೇ ಸಾಕ್ಷಿ.