ಬಲಿಪೂಜೆಯನ್ನು ಜನರ ಕೈಗಿತ್ತ ಪಿಯುಸ್ ಪಾರ್ಶ್

ಭಾನುವಾರದ ಬಲಿಪೂಜೆಯಲ್ಲಿ ಗುರುಗಳ ಪ್ರಾರ್ಥನೆಗೆ ನೀವು ಕನ್ನಡದಲ್ಲಿ ಉತ್ತರ ಕೊಡುತ್ತೀರಿ. ನಿಮ್ಮಲ್ಲೇ ಒಬ್ಬರು ಎದ್ದು ಬಂದು ವಾಚನ ಓದುತ್ತಾರೆ. ಹಿಂದೆ ಹೀಗಿರಲಿಲ್ಲ. ಗುರುಗಳು ಜನರಿಗೆ ಬೆನ್ನು ಮಾಡಿ ಲ್ಯಾಟಿನ್ ಭಾಷೆಯಲ್ಲಿ ಪೂಜೆ ಅರ್ಪಿಸುತ್ತಿದ್ದರೆ, ಜನರು ತಮ್ಮ ಪಾಡಿಗೆ ಜಪಸರ ಮಾಡುತ್ತಿದ್ದರು. ಅಜ್ಜಿ ತಾತಂದಿರನ್ನು ಕೇಳಿ ನೋಡಿ. ಆ ಭಕ್ತಿಯೇನೂ ಸುಳ್ಳಲ್ಲ. ಆದರೆ ಪೂಜೆ ಒಂದು ಕಡೆ, ಜನ ಇನ್ನೊಂದು ಕಡೆ. ಈ ಅಂತರ ಒಬ್ಬ ಯಾಜಕರನ್ನು ಜೀವನವಿಡೀ ಕಾಡಿತು.

ಅವರೇ ಪಿಯುಸ್ ಪಾರ್ಶ್. ಹುಟ್ಟಿದ್ದು 1884ರಲ್ಲಿ, ಮೊರಾವಿಯಾ ಪ್ರಾಂತದಲ್ಲಿ. ವಿಯೆನ್ನಾ ನಗರದ ಬಳಿಯ ಕ್ಲೋಸ್ಟರ್‌ನಾಯ್‌ಬುರ್ಗ್ ಮಠವನ್ನು ಸೇರಿ 1909ರಲ್ಲಿ ಗುರುದೀಕ್ಷೆ ಪಡೆದರು. ಅಲ್ಲಿಯೇ ಅಧ್ಯಾಪಕರಾದರು.

ಪುಸ್ತಕಗಳ ನಡುವೆಯೇ ಅವರ ಬದುಕು ಕಳೆದುಹೋಗಬಹುದಿತ್ತು. ಆದರೆ ಮೊದಲ ಮಹಾಯುದ್ಧ ಬಂತು. 1915ರಲ್ಲಿ ಸೈನಿಕರ ಗುರುವಾಗಿ ಪೂರ್ವ ರಣರಂಗಕ್ಕೆ ಹೋದರು. ಸಾವಿನ ಬಾಯಲ್ಲಿದ್ದ ಆ ಯುವಕರಿಗೆ ಬಲಿಪೂಜೆಯ ಒಂದು ಮಾತೂ ತಿಳಿಯುತ್ತಿರಲಿಲ್ಲ! ಅದೇ ಕೀವ್ ನಗರದಲ್ಲಿ ಆರ್ಥೊಡಾಕ್ಸ್ ಕ್ರೈಸ್ತರು ಆರಾಧನೆಯಲ್ಲಿ ಒಂದಾಗಿ ಪಾಲ್ಗೊಳ್ಳುವುದನ್ನು ಕಂಡರು. ಅಲ್ಲಿದ್ದಾಗಲೇ ಶುಭಸಂದೇಶಗಳನ್ನು ಹೊಸ ಕಣ್ಣಿನಿಂದ ಓದತೊಡಗಿದರು.

ಯುದ್ಧ ಮುಗಿದು ಹಿಂದಿರುಗಿದವರೇ ಸಾಮಾನ್ಯ ಜನರಿಗೆ ಬೈಬಲ್ ತರಗತಿ ಆರಂಭಿಸಿದರು. ಮಠದ ಸಮೀಪದ ಸಂತ ಗೆರ್ಟ್ರೂಡ್ ದೇವಾಲಯ ಪುಟ್ಟದು, ಬಹಳ ಹಳೆಯದು. 1922ರ ಸ್ವರ್ಗಾರೋಹಣ ಹಬ್ಬದಂದು ಅಲ್ಲಿ ಸಮುದಾಯ ಪೂಜೆ ನಡೆಯಿತು. ಪೀಠದಲ್ಲಿ ಲ್ಯಾಟಿನ್ ಹಾಗೇ ಇತ್ತು. ಜನರು ಮಾತ್ರ ತಮ್ಮ ಜರ್ಮನ್ ಭಾಷೆಯಲ್ಲಿ ಹಾಡಿದರು, ವಾಚನಗಳನ್ನು ಕೇಳಿ ಅರ್ಥಮಾಡಿಕೊಂಡರು, ಕಾಣಿಕೆಗಳನ್ನು ಪೀಠದ ಬಳಿಗೆ ತಂದರು. ಇಂದು ನಮಗಿದು ಏನೂ ಅನ್ನಿಸದು. ಅಂದು ಎಲ್ಲರಿಗೂ ಹಿಡಿಸಲಿಲ್ಲ.

ಪಾರ್ಶ್ ಅವರ ದೈವಶಾಸ್ತ್ರ ಸರಳವಾದುದು. ಜ್ಞಾನಸ್ನಾನ ಪಡೆದ ಪ್ರತಿಯೊಬ್ಬರಲ್ಲೂ ದೇವರ ಜೀವವಿದೆ. ಧರ್ಮಕೇಂದ್ರವೆಂದರೆ ಆ ಜೀವ ಹರಿಯುವ ಕ್ರಿಸ್ತರ ಶರೀರ. ಹಾಗಿರುವಾಗ ಬಟ್ಟೆ ಒಗೆಯುವ ತಾಯಿಯಾಗಲಿ ಕೂಲಿಯಾಳಾಗಲಿ ಪೂಜೆಯಲ್ಲಿ ಬರಿಯ ಪ್ರೇಕ್ಷಕರಾಗುವುದು ಹೇಗೆ? ಇದನ್ನು ಪಂಡಿತರಿಗಷ್ಟೇ ಬರೆದಿಟ್ಟಿದ್ದರೆ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಅವರು ಪೂಜಾಪಾಠಗಳನ್ನು ಕಡಿಮೆ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಿದರು. 1926ರಲ್ಲಿ 'ಬೈಬಲ್ ಮತ್ತು ದೈವಾರಾಧನೆ' ಎಂಬ ಪತ್ರಿಕೆ ಹೊರಡಿಸಿದರು. ವರ್ಷದ ಹಬ್ಬಹರಿದಿನಗಳ ಅರ್ಥವನ್ನು ವಿವರಿಸಿದ ಅವರ ಪುಸ್ತಕ ಹಲವು ಭಾಷೆಗಳಿಗೆ ಹೋಯಿತು.

1941ರಲ್ಲಿ ನಾಜಿಗಳು ಮಠವನ್ನು ಕಿತ್ತುಕೊಂಡರು. ಪಾರ್ಶ್ ವಿಯೆನ್ನಾದ ಫ್ಲೋರಿಡ್ಸ್‌ಡೋರ್ಫ್ ಭಾಗದಲ್ಲಿ ಧರ್ಮಕೇಂದ್ರದ ಕೆಲಸಕ್ಕೆ ನಿಂತರು. ಯುದ್ಧಾನಂತರ ಮಠಕ್ಕೆ ಮರಳಿ, ಬೈಬಲ್ ಮನೆಮನೆಗೆ ತಲುಪಬೇಕೆಂದು 1950ರಲ್ಲಿ ಮತ್ತೊಂದು ಸೇವೆ ತೊಡಗಿದರು. ಆಗ ಅವರಿಗೆ ಅರವತ್ತಾರು!

1954ರ ಮಾರ್ಚ್ 11ರಂದು ಅವರು ದೇವರ ಪಾದ ಸೇರಿದರು. ಪೂಜೆಯಲ್ಲಿ ವಿಶ್ವಾಸಿಗಳೆಲ್ಲರೂ ಅರಿತು ಸಕ್ರಿಯವಾಗಿ ಪಾಲ್ಗೊಳ್ಳಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಸಾರಿದ್ದು 1963ರಲ್ಲಿ. ಒಂಬತ್ತು ವರ್ಷ ತಡವಾಗಿತ್ತು. ಜನರೊಡನೆ ಹಾಡಿದ ಅದೇ ಪುಟ್ಟ ಸಂತ ಗೆರ್ಟ್ರೂಡ್ ದೇವಾಲಯದಲ್ಲಿ ಅವರ ಸಮಾಧಿಯಿದೆ.